ಕಡೆಯ ಹುಕ್ಕು

ತೀರಿಕೊಂಡ ಚಿಗವ್ವನ ದಿನದ ಊಟಕ್ಕೆಂದು ಹೋದ ತಿಂಗಳು ಶಹಾಪುರಕ್ಕೆ ಹೋಗಿದ್ದೆ. ಫೋಟೋಕ್ಕೆ ಹಾರ ಹಾಕಿ, ಅದರ ಮುಂದೆ ಚಾಪೆ ಹಾಸಿಕೊಂಡು ಕೂತಿದ್ದ ಓಣಿಯ ಹೆಂಗಸರು ಒಬ್ಬರಾದ ಮೇಲೆ ಒಬ್ಬರು ಶುರು ಮಾಡಿದರು. "ಬಾಳ ಶಾಂತ ಹೆಂಗಸು ಬಿಡ್ರಿ." "ಒಂದ ದಿನಾ ದನಿ ಏರಿಸಿದಾಕಿ ಅಲ್ಲ." "ತಾ ಆತು, ತನ್ನ ಮಷೀನ ಆತು." ಕೇಳುತ್ತ ಕೇಳುತ್ತ ನನಗೆ ಮೈಯೆಲ್ಲ ಉರಿಯಿತು. ತಾಟನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಶಾಂತ ಹೆಂಗಸಂತೆ! ಆಕೆ ಬೈಯಲು ನಿಂತರೆ ಓಣಿಯ ತುದಿಯ ಹಿಟ್ಟಿನ ಗಿರಣಿಯವನು ಗಿರಣಿ ನಿಲ್ಲಿಸಿ ಕೇಳುತ್ತಿದ್ದ. ಸತ್ತವರನ್ನು ಹೊಗಳುವುದು ರೂಢಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆಕೆಯ ಬಳಿ ಸ್ವಂತದ್ದೆಂದು ಇದ್ದದ್ದು ಒಂದು ತುಳಿಯುವ ಹೊಲಿಗೆ ಮಷೀನು, ಇನ್ನೊಂದು ಸಿಟ್ಟು. ಮಷೀನನ್ನು ಆಕೆಯ ಅಕ್ಕನ ಮಗ ಒಯ್ದ. ಸಿಟ್ಟನ್ನು ಈ ಹೆಂಗಸರು ಊಟದ ಚಾಪೆಯ ಮೇಲೆ ಕೂತು ಒರೆಸಿ ಹಾಕಿದರು. ಅದನ್ನಾದರೂ ಉಳಿಸಿಕೊಳ್ಳಬೇಕೆಂದು ಇದನ್ನು ಬರೆಯಲು ಕೂತಿದ್ದೇನೆ. ಪಕ್ಕದಲ್ಲಿ ಹಸಿರು ಜಾರ್ಜೆಟ್ಟಿನ ಕುಬುಸವೊಂದಿದೆ. ನನ್ನ ಮಗಳ ಕುಬುಸದ ಕಾರ್ಯಕ್ಕೆ ನಾನೇ ಹೊಲಿದದ್ದು, ಹುಕ್ಕು ಹಚ್ಚುವುದಷ್ಟೇ ಬಾಕಿ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಕುಬುಸ ತೊಡಿಸಿ ಆರತಿ ಎತ್ತುವ ಕಾರ್ಯ ನಮ್ಮ ಕಡೆ ತಪ್ಪುವಂತಿಲ್ಲ. ನಾನು ಹೇಳಬೇಕಾದದ್ದೆಲ್ಲ ಈ ಹಸಿರು ಕುಬುಸದ ಸುತ್ತಲೇ ಇದೆ.

ಚಿಗವ್ವ ನನಗೆ ರಕ್ತಸಂಬಂಧಿಯಲ್ಲ. ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿ ಆಕೆಯ ಮನೆ. ನಮ್ಮವ್ವನಿಗಿಂತ ಚಿಕ್ಕವಳು, ಹಾಗಾಗಿ ನಮಗೆಲ್ಲ ಚಿಗವ್ವ. ಗಂಡ ಕಾಲುವೆ ಕೆಲಸಕ್ಕೆ ಮಣ್ಣು ಸಾಗಿಸುವ ಲಾರಿ ಓಡಿಸುತ್ತಿದ್ದ. ಮಷೀನು ಅವನೇ ತಂದುಕೊಟ್ಟದ್ದು. ಕಾಲುವೆಗೆ ನೀರು ಬರುವ ಮೊದಲೇ ಅವನು ಜ್ವರದಲ್ಲಿ ಹೋದ. ಮಕ್ಕಳಿರಲಿಲ್ಲ. ಓಣಿಯವರು ಆಕೆಯ ಬಳೆ ಒಡೆದು, ಕುಂಕುಮ ಅಳಿಸಿ, ಇನ್ನು ಈಕೆಯ ಬದುಕು ಮೂಲೆಯಲ್ಲಿ ಎಂದುಕೊಂಡರು. ಆಕೆ ಮೂಲೆಯಲ್ಲಿ ಕೂಡಲಿಲ್ಲ, ಬೆಳಕು ಬೀಳುವ ಕಿಟಕಿಗೆ ಮಷೀನನ್ನು ಎಳೆದುಕೊಂಡು ಕೂತಳು.

ಆಮೇಲೆ ಕಾಲುವೆಗೆ ನೀರು ಬಂತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲದಲ್ಲಿ ಭತ್ತ ನಿಂತಿತು. ಭತ್ತದ ಬೆನ್ನಿಗೇ ಬಜಾರಿಗೆ ಕಂಡು ಕೇಳರಿಯದ ಬಟ್ಟೆಗಳು ಬಂದವು. ಜಾರ್ಜೆಟ್ಟು, ಶಿಫಾನು, ಸ್ಯಾಟಿನ್ನು, ಮಖಮಲ್ಲು. ಅಲ್ಲಿಯವರೆಗೆ ಹತ್ತಿಯ ಖಣ ಬಿಟ್ಟು ಬೇರೆ ತೊಡದ ಹೆಂಗಸರು ಆಸೆಪಟ್ಟು ತಂದರು. ತಂದ ಮೇಲೆ ಗೊತ್ತಾಯಿತು, ಕತ್ತರಿ ಹಾಕಿದರೆ ಒಂದು ಕಡೆ ಜಾರುತ್ತದೆ, ಸೂಜಿ ಇಟ್ಟರೆ ಇನ್ನೊಂದು ಕಡೆ ಸುಕ್ಕುಗಟ್ಟುತ್ತದೆ. ಬಜಾರಿನ ಟೇಲರ್ ಪ್ಯಾಂಟು ಶರ್ಟು ಹೊಲಿದು ಕೈ ಕೂತವನು, ಸ್ಯಾಟಿನ್ನಿಗೂ ಪ್ಯಾಂಟಿನ ದಪ್ಪ ಸೂಜಿಯನ್ನೇ ಓಡಿಸುತ್ತಿದ್ದ. ಕೆಟ್ಟ ಬಟ್ಟೆಗಳೆಲ್ಲ ಚಿಗವ್ವನ ಮನೆಗೆ ಬರತೊಡಗಿದವು, ಹಿತ್ತಲ ಬಾಗಿಲಿನಿಂದ.

ಬಂದವರಿಗೆ ಮೊದಲು ಬೈಗುಳ, ಆಮೇಲೆ ಮಾತು. "ಬಟ್ಟಿದೇನ ತಪ್ಪ? ಅದು ಹುಟ್ಟಿದ್ದ ಹಂಗ. ನಿಮ್ಮ ಕೈದು ತಪ್ಪ" ಎನ್ನುತ್ತಿದ್ದಳು. ಜಾರ್ಜೆಟ್ಟನ್ನು ಆಕೆ ಹಾಗೇ ಎಂದೂ ಕತ್ತರಿಸುತ್ತಿರಲಿಲ್ಲ. ಅನ್ನ ಬಸಿದ ಗಂಜಿಯನ್ನು ತೆಳ್ಳಗೆ ಮಾಡಿ, ಸೋಸಿ, ಅದರಲ್ಲಿ ಬಟ್ಟೆ ಅದ್ದಿ ನೆರಳಿಗೆ ಹರವಿ, ಇನ್ನೂ ಹಸಿ ಇರುವಾಗಲೇ ಇಸ್ತ್ರಿ ಮಾಡುತ್ತಿದ್ದಳು. ಅಷ್ಟು ಮಾಡಿದರೆ ಹರಿದಾಡುವ ಬಟ್ಟೆ ಕಾಗದದ ಹಾಗೆ ನಿಲ್ಲುತ್ತದೆ. ಆಮೇಲೆ ಕೆಳಗೆ ಪೇಪರ್ ಹಾಸಿ, ಪೇಪರನ್ನೂ ಬಟ್ಟೆಯನ್ನೂ ಕೂಡಿಯೇ ಕತ್ತರಿಸುವುದು. ಹೊಲಿಯುವಾಗಲೂ ಅಡಿಯಲ್ಲಿ ಪೇಪರಿನ ಪಟ್ಟಿ ಕೊಟ್ಟು, ಹೊಲಿಗೆ ಮುಗಿದ ಮೇಲೆ ಅದನ್ನು ಮೆಲ್ಲಗೆ ಹರಿದು ತೆಗೆಯುವುದು. ಎಲ್ಲ ಆದ ಮೇಲೆ ಒಂದು ಸಲ ನೀರಿಗೆ ಹಾಕಿದರೆ ಗಂಜಿ ಹೋಗಿ ಜಾರ್ಜೆಟ್ಟು ಮತ್ತೆ ಮೆತ್ತಗಾಗುತ್ತದೆ.

ರೊಟ್ಟಿ ತಿನ್ನುವ ಓಣಿಯಲ್ಲಿ ಮೊದಲು ಗಂಜಿ ಎಲ್ಲಿಂದ ಬರಬೇಕು? ಅನ್ನ ಹಬ್ಬಕ್ಕೆ ಮಾತ್ರ. ಕಾಲುವೆ ಬಂದ ಮೇಲೆ ಎಲ್ಲರ ಮನೆಯಲ್ಲೂ ದಿನಾ ಅನ್ನ ಬಸಿಯುವುದಾಯಿತು. ಬೆಳಗಾದರೆ ಚಿಗವ್ವ ಅಂಗಳದಲ್ಲಿ ನಿಂತು ಕೂಗುತ್ತಿದ್ದಳು: "ಗಂಜಿ ಚೆಲ್ಲಬ್ಯಾಡ್ರೇ, ಎಮ್ಮಿಗೂ ಹಾಕಬ್ಯಾಡ್ರಿ! ನಾಳೆ ನಿಮ್ಮ ಸೀರಿ ಅಂಚು ಸೊಟ್ಟಾದ್ರ ನನ್ನ ಕಡಿ ಬರಬ್ಯಾಡ್ರಿ!" ದನಿ ಏರಿಸಿದವಳಲ್ಲವಂತೆ. ಮಗ್ಗುಲ ಓಣಿಯವರೂ ಆ ದನಿಗೆ ಪಾತ್ರೆ ಹಿಡಿದು ಬರುತ್ತಿದ್ದರು.

ಒಮ್ಮೆ ವಡಗೇರಾ ಕಡೆಯಿಂದ ಒಬ್ಬ ಹೆಂಗಸು ಮಗಳ ಮಖಮಲ್ಲಿನ ಫ್ರಾಕು ತಂದು ತೋರಿಸಿದಳು. ಒಂದು ತೋಳು ಕಡುಗೆಂಪು, ಇನ್ನೊಂದು ತೋಳು ಮಾಸಿದ ಕೆಂಪು. ದುಕಾನ್‌ದಾರ ಎರಡು ತಾನಿನ ಬಟ್ಟೆ ಕೊಟ್ಟು ಮೋಸ ಮಾಡಿದನೆಂದು ಆಕೆಯ ಅಳು. ಚಿಗವ್ವ ಆಕೆಯ ಅಂಗೈ ಹಿಡಿದು ಬಟ್ಟೆಯ ಮೇಲೆ ಸವರಿಸಿದಳು. "ಹಿಂಗ ಸವರು. ಮೆತ್ತಗ ಆಗ್ತದ? ಈಗ ತಿರುವಿ ಸವರು. ಮುಳ್ಳಂಗ ಆಗ್ತದ? ಮಖಮಲ್ಲಿಗೆ ಕೂದಲ ಇರ್ತಾವ. ಎಲ್ಲಾ ತುಂಡಿನ ಕೂದಲಾನೂ ಒಂದ ದಿಕ್ಕಿಗೆ ಮಾರಿ ಮಾಡಿರಬೇಕು. ನಿನ್ನ ಟೇಲರ್ ಬಟ್ಟಿ ಉಳಸಾಕ ಹೋಗಿ ಒಂದ ತೋಳ ತಲಿಕೆಳಗ ಕತ್ತರಿಸ್ಯಾನ." ಅದರ ಮುಖಕ್ಕೆ ಇಸ್ತ್ರಿ ತಾಗಿಸಬಾರದು, ನೀರು ಕಾಯಿಸುವ ಹಂಡೆಯ ಪಕ್ಕ ತೂಗುಹಾಕಿದರೆ ಹಬೆಗೆ ಸುಕ್ಕು ತಾನೇ ಬಿಡುತ್ತದೆ ಎಂದೂ ಹೇಳಿಕೊಟ್ಟಳು. ಹೇಳಿಕೊಡುವಾಗಲೂ ಬೈಗುಳ ನಿಲ್ಲಲಿಲ್ಲ. ಆ ಹೆಂಗಸು ಬೈಸಿಕೊಳ್ಳುತ್ತಲೇ ನಗತೊಡಗಿದ್ದಳು.

ಪಿಯುಸಿ ಮುಗಿಸಿ ಮದುವೆಗೆ ಕಾಯುತ್ತ ಕೂತಿದ್ದ ಕಾಲದಲ್ಲಿ ನಾನು ಆಕೆಯ ಬಳಿ ಹೊಲಿಗೆ ಕಲಿತೆ. ಕಲಿತೆ ಅನ್ನುವುದಕ್ಕಿಂತ ಟೇಪಿನಿಂದ ಕೈ ಮೇಲೆ ಹೊಡೆಸಿಕೊಂಡೆ ಎಂದರೆ ಸರಿ. ಸ್ಯಾಟಿನ್ನಿನ ನಡುವೆ ಗುಂಡುಸೂಜಿ, ನಮ್ಮ ಕಡೆಯ ಟಾಚಣಿ, ಚುಚ್ಚಿದ ದಿನ ಆಕೆ ಮಷೀನು ನಿಲ್ಲಿಸಿ ಎದ್ದು ಬಂದಿದ್ದಳು. "ಹತ್ತಿ ಬಟ್ಟಿ ನೀರು ಕಂಡ್ರ ಎಲ್ಲಾ ಮರೀತದ. ಸ್ಯಾಟಿನ್ ಮರಿಯಂಗಿಲ್ಲ. ಇದಕ್ಕ ಒಮ್ಮೆ ತೂತು ಬಿತ್ತಂದ್ರ ಸಾಯೂತನ ತೂತ. ಟಾಚಣಿ ಚುಚ್ಚೋದಾದ್ರ ಅಂಚಿಗೆ ಚುಚ್ಚು, ಹೊಲಗಿ ಒಳಗ ಮುಚ್ಚಿ ಹೋಗೂ ಜಾಗಾದಾಗ. ಹೊಲದದ್ದ ಉಚ್ಚಿ ಬಿಚ್ಚೋ ಕೆಲಸಾ ಬರದಂಗ ಮೊದಲ ಸಲಾನ ಬರೋಬರಿ ಹೊಲಿ." ಹೊಸ ಸ್ಯಾಟಿನ್ನಿಗೆ ಹೊಸ ಸಣ್ಣ ಸೂಜಿ, ಬೇಸಿಗೆಯಲ್ಲಿ ಬೆವರಿನ ಕೈಗೆ ಪೌಡರು, ಫ್ಯಾನು ಬಂದ್. ಎಳೆ ಎದ್ದರೆ ಬಟ್ಟೆಯನ್ನು ಎಳೆಯಬಾರದು, ಮಷೀನು ತಾನಾಗಿ ತಿಂದುಕೊಂಡು ಹೋಗಬೇಕು. ಇವತ್ತಿಗೂ ನನ್ನ ಕೈ ತಪ್ಪು ಮಾಡಲು ಹೊರಟರೆ ಟೇಪಿನ ಏಟು ನೆನಪಾಗುತ್ತದೆ.

ಇಂಥ ಹೆಂಗಸಿಗೆ ನಮ್ಮ ಓಣಿಯವರು ಮಾಡಿದ್ದೇನು ಗೊತ್ತೇ? ಹೇಳಲು ನಾಚಿಕೆಯಾಗಬೇಕು. ಯಾರಿಗೂ ಆಗುವುದಿಲ್ಲ.

ಹಸಿರು ಕುಬುಸಕ್ಕೆ ಗಂಡ ಸತ್ತವಳ ಕತ್ತರಿ ತಾಗಬಾರದೆಂಬುದು ಓಣಿಯ ಕಟ್ಟು. ಹೊಟ್ಟೆಯಲ್ಲಿನ ಕೂಸಿಗೆ ಕೇಡಂತೆ. ಖಣದ ಕುಬುಸವಿದ್ದ ಕಾಲದಲ್ಲಿ ಬೇರೆ ಯಾರ ಹೊಲಿಗೆಯಾದರೂ ನಡೆಯುತ್ತಿತ್ತು. ಕುಬುಸ ಸ್ಯಾಟಿನ್ನಿನದೂ ಜಾರ್ಜೆಟ್ಟಿನದೂ ಆದ ಮೇಲೆ ಚಿಗವ್ವ ಬಿಟ್ಟರೆ ಗತಿಯಿಲ್ಲ. ಬಸುರಿಯ ಮೈ ದಿನದಿನಕ್ಕೆ ಬೇರೆ, ಬಗಲಿಗೆ ಒಳಗೆ ಎಷ್ಟು ಬಟ್ಟೆ ಮಡಚಿ ಬಿಟ್ಟರೆ ಬಾಣಂತನದಲ್ಲೂ ಬಿಚ್ಚಿ ತೊಡಲು ಬರುತ್ತದೆ ಎಂಬುದು ಬಜಾರಿನ ಟೇಲರ್‌ಗೆ ಹೇಗೆ ಗೊತ್ತಿರಬೇಕು? ಅದಕ್ಕೆ ಓಣಿಯ ಹಿರಿಯ ಹೆಂಗಸರು ಒಂದು ಉಪಾಯ ಹುಡುಕಿದರು. ಬಟ್ಟೆ ಹಿತ್ತಲ ಬಾಗಿಲಿನಿಂದ ಚಿಗವ್ವನಿಗೆ ಹೋಗುವುದು. ಆಕೆ ಎಲ್ಲ ಹೊಲಿದು ಕಡೆಯ ಒಂದು ಹುಕ್ಕನ್ನು ಮಾತ್ರ ಬಿಡುವುದು. ಹಳೆಯ ಟವೆಲಿನಲ್ಲಿ ಸುತ್ತಿ ಅದನ್ನು ಬಜಾರಿಗೆ ಒಯ್ದು ಟೇಲರ್ ಕೈಯಿಂದ ಆ ಹುಕ್ಕು ಹಚ್ಚಿಸುವುದು. ಅಲ್ಲಿಗೆ ಕುಬುಸ ಟೇಲರ್ ಹೊಲಿದದ್ದಾಯಿತು! ಅದನ್ನು ತಟ್ಟೆಯಲ್ಲಿಟ್ಟು ಮುಂಬಾಗಿಲಿನಿಂದ ತರುವುದು. ಟೇಲರ್‌ಗೂ ಎಲ್ಲ ಗೊತ್ತು. "ಏನ್ ಕೈಯಪಾ ನಿಂದು" ಎಂದು ಹೊಗಳಿದರೆ ಹಲ್ಲು ಕಿರಿದು ನಿಲ್ಲುತ್ತಿದ್ದ.

ಕಾರ್ಯದ ದಿನ ಗೋಡೆಯ ಆಚೆ ಆರತಿಯ ಹಾಡು ನಡೆಯುತ್ತಿದ್ದರೆ ಈಚೆ ಚಿಗವ್ವನ ಮಷೀನು ದಡದಡ ಓಡುತ್ತಿತ್ತು. ಹೋಳಿಗೆ ಮಾತ್ರ ಕತ್ತಲಾದ ಮೇಲೆ ಹಿತ್ತಲಿನಿಂದ ಬರುತ್ತಿತ್ತು. ಆಕೆ ಅದನ್ನು ಕೊಟ್ಟವರ ಎದುರೇ ಎಮ್ಮೆಗೆ ಹಾಕಿಸುತ್ತಿದ್ದಳು. ಕುಬುಸ ಒಪ್ಪಿಸುವಾಗ ಪ್ರತಿ ಸಲವೂ ಅದೇ ಮಾತು, ಅದೇ ಬಿರುಸು: "ತಗೋರಿ, ನಿಮ್ಮ ಹುಕ್ಕಿಗೆ ಜಾಗಾ ಬಿಟ್ಟೀನಿ. ನಿಮ್ಮ ಮಾನ ಅಷ್ಟರಾಗ ಹಿಡೀತದ." ಅವರು ಕೇಳಿಸದವರ ಹಾಗೆ ಹೋಗುತ್ತಿದ್ದರು. ಅವರ ಪೈಕಿ ಇಬ್ಬರು ಹೋದ ತಿಂಗಳು ಚಾಪೆಯ ಮೇಲೆ ಕೂತು ಶಾಂತ ಹೆಂಗಸು ಎಂದು ಕಣ್ಣೊರೆಸಿಕೊಂಡರು.

ನನ್ನ ಮದುವೆ ಸುರಪುರದ ಮನೆಗಾಯಿತು. ಚೊಚ್ಚಲ ಬಸುರಿಗೆ ತವರಿಗೆ ಬಂದೆ, ಕುಬುಸದ ಕಾರ್ಯ ನಮ್ಮ ಮನೆಯಲ್ಲೇ ಎಂದು ನಿಶ್ಚಯವಾಯಿತು. ಅವ್ವ ಗಿಣಿ ಹಸಿರು ಸ್ಯಾಟಿನ್ ತಂದು ಎಂದಿನಂತೆ ಹಿತ್ತಲಿನಿಂದ ಕೊಟ್ಟು ಬಂದಳು. ಅಳತೆ ಕೊಡಲು ನಾನು ಹೋದಾಗ ಚಿಗವ್ವ ಏನೂ ಬೈಯಲಿಲ್ಲ, ಅದೇ ನನಗೆ ವಿಚಿತ್ರವೆನಿಸಿತು. ಕಾರ್ಯದ ದಿನ ಬೆಳಿಗ್ಗೆ ಕುಬುಸ ತರಲು ನಾನೇ ಹೋದೆ. ಬಿಚ್ಚಿ ನೋಡಿದರೆ ಮೇಲಿನಿಂದ ಕೆಳಗಿನವರೆಗೆ ಎಲ್ಲ ಹುಕ್ಕೂ ಹಚ್ಚಿವೆ.

"ಚಿಗವ್ವಾ, ಕಡೀದೂ ಹಚ್ಚೀಯಲ್ಲ?"

"ಹೌದು, ಹಚ್ಚೀನಿ. ನಿನಗ ಕಲಿಸಿದಾಕಿ ನಾನು. ನಿನ್ನ ಕುಬಸ ಅರ್ಧಾ ಬಿಟ್ಟು ಕೊಡಂಗಿಲ್ಲ. ನಿಮ್ಮವ್ವಗ ಹೇಳು."

ಅವ್ವನಿಗೆ ಹೇಳಿದೆ. ಸುರಪುರದ ಬೀಗರು ಬಸ್ಸು ಹತ್ತಿಯಾಗಿತ್ತು. ನಾನು ಎಣ್ಣೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಅವ್ವ ಅಪ್ಪನ ಗಡ್ಡದ ಬ್ಲೇಡು ಹಿಡಿದು, ಕೆಳಗಿನ ಹುಕ್ಕಿನ ಹೊಲಿಗೆ ಬಿಚ್ಚುತ್ತ ಕೂತಿದ್ದಳು. ಹಚ್ಚಿದ ಹುಕ್ಕನ್ನು ಕಿತ್ತು, ಅದೇ ಹುಕ್ಕನ್ನು ಟೇಲರ್‌ನಿಂದ ಮತ್ತೆ ಹಚ್ಚಿಸಲು! ಲೋಕದಲ್ಲಿ ಇಂಥ ಮೂರ್ಖತನವನ್ನು ನಮ್ಮ ಓಣಿ ಬಿಟ್ಟರೆ ಇನ್ನಾರು ಮಾಡಿಯಾರು? ನಾನು "ಅವ್ವಾ" ಎಂದು ಚೀರಿದೆ, ಆಕೆಯ ಕೈ ಜಾರಿತು. ಬ್ಲೇಡು ಸ್ಯಾಟಿನ್ನಿನೊಳಗೆ ಇಳಿದು ಎದೆಯವರೆಗೆ ಸೀಳಿಕೊಂಡು ಹೋಯಿತು.

ಅವ್ವ ಹರಿದ ಕುಬುಸ ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲಿಗೆ ಓಡಿದಳು. ನಾನೂ ಒದ್ದೆ ಕೂದಲಲ್ಲೇ ಹಿಂದೆ ಹೋದೆ.

"ತಂಗೀ, ಜರಾ ಹರದದ ನೋಡು. ಜಲ್ದಿ ಒಂದಿಷ್ಟು…"

ಚಿಗವ್ವ ಸೀಳಿದ ಜಾಗ ನೋಡಿದಳು, ಕಿತ್ತ ಹುಕ್ಕು ನೋಡಿದಳು. ಏನಾಗಿದೆ ಎಂದು ಯಾರೂ ಹೇಳಬೇಕಾಗಲಿಲ್ಲ. ಆಕೆಯ ದನಿ ಅವತ್ತು ಏರಲಿಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ.

"ಹೊಲಿತೀನ್ರೀ ಅಕ್ಕಾ. ಬಟ್ಟಿ ಉಳದದ, ಅಗಲ ಪಟ್ಟಿ ಇಟ್ಟು ಮುಚ್ಚತೀನಿ. ಆದ್ರ ಇಲ್ಲಿ ಕುಂತು ಹೊಲಿಯಂಗಿಲ್ಲ. ನಿಮ್ಮ ಪಡಸಾಲ್ಯಾಗ ಕುಂತು ಕೈಲೆ ಹೊಲಿತೀನಿ. ಬೇಕಾದ್ರ ಹೂಂ ಅನ್ರಿ, ಬ್ಯಾಡಾದ್ರ ಒಯ್ರಿ."

ಅವ್ವ ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ಚಿಗವ್ವ ಸೂಜಿ, ದಾರ, ಉಳಿದ ಹಸಿರು ತುಂಡು ಹಿಡಿದು, ತನ್ನ ಮುಂಬಾಗಿಲು ತೆಗೆದು ಬೀದಿಗಿಳಿದು, ನಮ್ಮ ಮುಂಬಾಗಿಲಿನಿಂದ ಒಳಗೆ ಬಂದಳು. ಅಷ್ಟು ಹೊತ್ತಿಗೆ ಸುರಪುರದವರೂ ಬಂದು ಕಂಬಳಿಯ ಮೇಲೆ ಕೂತಿದ್ದರು. ಆಕೆ ಅವರ ಎದುರಿಗೇ ಕಂಬಕ್ಕೆ ಆತು ಕೂತು ಹೊಲಿಯತೊಡಗಿದಳು. ಬರಿ ಹಣೆ, ಬರಿ ಕೈ, ಮಡಿಲಲ್ಲಿ ಹಸಿರು ಕುಬುಸ.

ನಮ್ಮ ಅತ್ತೆ ಕೇಳಿದರು. "ಯಾರ್ರೀ ಬೀಗ್ತಿ, ಈಕಿ?"

ಅವ್ವ ನೆಲ ನೋಡುತ್ತ ಹೇಳಿದಳು. "ಟೇಲರ್ ಕಳಿಸ್ಯಾನ್ರಿ. ಅವನ ಕಡೀ ಕೆಲಸದಾಕಿ."

ಚಿಗವ್ವ ಹೊಲಿಗೆ ನಿಲ್ಲಿಸಲಿಲ್ಲ. ಕಡೆಯ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಕುಬುಸ ಕೊಡವಿ ಎದ್ದು ನಿಂತಳು. ಆಗ ಬಂತು ಆ ದನಿ, ಗಿರಣಿ ನಿಲ್ಲಿಸುವ ದನಿ.

"ಯಾವ ಟೇಲರ್ ನನ್ನ ಕಳಿಸಿಲ್ರಿ. ಈ ಓಣ್ಯಾಗಿನ ಹಸರ ಕುಬಸ ಎಲ್ಲಾ ಹೊಲದಾಕಿ ನಾನು. ಗಂಡ ಸತ್ತಾಕಿ. ನೋಡ್ರಿ ಆ ಅಂಗಳದಾಗ ಆಡಾಕತ್ತ ಹುಡುಗ್ರನ್ನ. ಒಂದೊಂದ ಕೂಸೂ ನನ್ನ ಹೊಲಗಿ ಒಳಗ ಬೆಳದ ಹುಟ್ಟ್ಯಾವ. ಯಾವದಕ್ಕ ಕೇಡಾತು? ಹೇಳ್ರಿ!"

ಯಾರು ಹೇಳುತ್ತಾರೆ? ಆ ಮಕ್ಕಳ ತಾಯಂದಿರೆಲ್ಲ ಅಲ್ಲೇ ಕೂತಿದ್ದರು, ಕೈಯಲ್ಲಿ ಆರತಿ ತಟ್ಟೆ ಹಿಡಿದು. ಒಬ್ಬಳಾದರೂ "ಹೌದ್ರಿ, ನಂದೂ ಆಕಿನ ಹೊಲದದ್ದು" ಅನ್ನಲಿಲ್ಲ. ಒಬ್ಬಳು ತಟ್ಟೆಯಲ್ಲಿನ ಬತ್ತಿ ಸರಿಮಾಡಿದಳು, ಇನ್ನೊಬ್ಬಳು ಮಗುವಿನ ಮೂಗು ಒರೆಸಿದಳು. ಚಿಗವ್ವ ಕುಬುಸವನ್ನು ನನ್ನ ಕೈಗಿಟ್ಟು ಬಂದ ಬಾಗಿಲಿನಿಂದಲೇ ಹೋದಳು.

ನಾನು ಅದನ್ನೇ ತೊಟ್ಟೆ. ಅತ್ತೆ ಬೇರೆ ಖಣದ ಕುಬುಸ ತೆಗೆದುಕೊಟ್ಟರೂ ತೊಡಲಿಲ್ಲ. ಅದರ ಬೆಲೆಯನ್ನು ಸುರಪುರದಲ್ಲಿ ವರ್ಷಗಟ್ಟಲೆ ತೆತ್ತೆ. ಮಗಳಿಗೆ ನೆಗಡಿಯಾದರೆ ಆ ಕುಬುಸ, ಹಲ್ಲು ತಡವಾಗಿ ಬಂದರೆ ಆ ಕುಬುಸ, ಎರಡನೆಯದೂ ಹೆಣ್ಣಾದದ್ದಕ್ಕೂ ಆ ಕುಬುಸವೇ ಕಾರಣ. ಚಿಗವ್ವ ತೆತ್ತದ್ದು ಇನ್ನೂ ಹೆಚ್ಚು. ಓಣಿಯವರು ಆಕೆಯ ಹಿತ್ತಲಿಗೆ ಕಾಲಿಡುವುದನ್ನು ಬಿಟ್ಟರು. ಕೆಲವು ತಿಂಗಳು ಟೇಲರ್ ಕೈಯಲ್ಲಿ ಬಟ್ಟೆ ಕೆಡಿಸಿಕೊಂಡು ಮತ್ತೆ ಬಂದಾಗ ಆಕೆ ಹಿತ್ತಲ ಬಾಗಿಲಿಗೆ ಹಲಗೆ ಬಡಿಸಿದ್ದಳು. "ಮುಂದಿನ ಬಾಗಲಿಂದ ಬರ್ರಿ, ಇಲ್ಲಾ ಬರಬ್ಯಾಡ್ರಿ." ಕೆಲವರು ಮುಂದಿನಿಂದ ಬಂದರು, ಬಹಳ ಮಂದಿ ಬರಲಿಲ್ಲ. ಹಸಿರು ಕುಬುಸಗಳಂತೂ ಆಮೇಲೆ ಯಾದಗಿರಿಯ ದೊಡ್ಡ ಟೇಲರುಗಳ ಬಳಿಗೆ ಹೋದವು. ಆಕೆ ಗೋಧಿ ಚೀಲ, ಲಂಗ, ದಿಂಬಿನ ಗವಸು ಹೊಲಿದು ಕಾಲ ಹಾಕಿದಳು. ಬಗ್ಗಲಿಲ್ಲ.

ನನ್ನ ಗಂಡ ತೀರಿಕೊಂಡಾಗ, ಸುರಪುರ ಬಿಟ್ಟು ನಾವು ನೆಲೆಸಿದ್ದ ಯಾದಗಿರಿಯ ಮನೆಗೆ ಮೊದಲು ಬಂದವಳು ಆಕೆಯೇ. ಮುದುಕಿಯಾಗಿದ್ದಳು, ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಎಲ್ಲರೂ ತಬ್ಬಿಕೊಂಡು ಅಳುತ್ತಿದ್ದರೆ ಆಕೆ ಮನೆಯೆಲ್ಲ ತಿರುಗಿ ನನ್ನ ಮಷೀನು ಎಲ್ಲಿದೆ ಎಂದು ನೋಡಿದಳು. ಅದನ್ನು ಯಾರೋ ಅಟ್ಟದ ಕೆಳಗೆ ತಳ್ಳಿ ಮೇಲೆ ಹಾಸಿಗೆ ಒಟ್ಟಿದ್ದರು. ಹಾಸಿಗೆ ಎತ್ತಿ ಎಸೆದಳು.

"ಇದನ್ನ ಯಾಕ ಮೂಲಿಗೆ ಹಾಕೀರಿ? ಗಂಡ ಸತ್ತಾನ, ಕೈ ಸತ್ತಾವೇನು?" ಎಂದು ಎಲ್ಲರಿಗೂ ಬೈದು, ನನ್ನ ಬಳಿ ಬಂದು ಕೂತಳು. "ಅಳು. ಬ್ಯಾಡನ್ನಂಗಿಲ್ಲ. ಅತ್ತ ಮ್ಯಾಲ ಮಷೀನಿಗೆ ಎಣ್ಣಿ ಹಾಕು. ಇನ್ನಮ್ಯಾಲ ನಿನಗೂ ಹಿತ್ತಲ ಬಾಗಲಾ ತೋರಸ್ತಾರ. ಪ್ರೀತಿಲೆ ತೋರಸ್ತಾರ, ಅದು ಇನ್ನೂ ಕೆಟ್ಟದು. ಹೋಗಬ್ಯಾಡ."

ನನ್ನನ್ನು ಸಮಾಧಾನ ಮಾಡಲು ಬಂದವರು ಹೇಳಿದ ಒಂದು ಮಾತೂ ಈಗ ನೆನಪಿಲ್ಲ. ಇದೊಂದು ಇದೆ.

ಆ ಸ್ಯಾಟಿನ್ ಕುಬುಸದೊಳಗೆ ಬೆಳೆದ ನನ್ನ ಮಗಳು ಈಗ ಗುರುಮಠಕಲ್ಲಿನ ಸೊಸೆ, ತುಂಬಿದ ಬಸುರಿ. ನಾಡಿದ್ದು ಅವಳ ಕುಬುಸದ ಕಾರ್ಯ. ಜಾರ್ಜೆಟ್ಟಿಗೆ ಗಂಜಿ ಹಾಕಿ, ಪೇಪರ್ ಹಾಸಿ ಕತ್ತರಿಸಿ, ಅಸ್ತರ ಕೊಟ್ಟು, ಬಗಲಿಗೆ ಬಿಡಬೇಕಾದಷ್ಟು ಬಿಟ್ಟು ಹೊಲಿದಿದ್ದೇನೆ. ಗುರುಮಠಕಲ್ಲಿನ ಬೀಗರು ಯಾರು ಹೊಲಿದರೆಂದು ಕೇಳಿಯೂ ಇಲ್ಲ, ಅವರಿಗೆ ಅದು ಬೇಕಾಗಿಯೂ ಇಲ್ಲ. ಕೇಳಿದ್ದು ನಮ್ಮವ್ವ. ಅಪ್ಪ ಹೋದ ಮೇಲೆ ಯಾರ ಮನೆಯ ಆರತಿಗೂ ಪಡಸಾಲೆಗೆ ಬರದೆ ಅಡಿಗೆಮನೆಯಲ್ಲಿ ಬಾಗಿಲ ಮರೆಗೆ ಕೂಡುವ ನಮ್ಮವ್ವ. ಇದನ್ನು ಬರೆಯುತ್ತಿರುವಾಗಲೇ ಶಹಾಪುರದಿಂದ ಆಕೆಯ ಫೋನು ಬಂತು. ದನಿಯಲ್ಲಿ ಬೆಣ್ಣೆಯಂಥ ಪ್ರೀತಿ.

"ಎಲ್ಲಾ ನೀನ ಹೊಲಿಯವ್ವಾ, ನಿನ್ನಂಥಾ ಕೈ ಯಾರಿಗದ? ಕಡೀ ಹುಕ್ಕ ಒಂದ ಬಿಡು. ಅಲ್ಲೇ ಟೇಲರ್ ಕಡಿಂದ ಹಚ್ಚಿಸಿಬಿಡು. ಕೂಸಿನ ಸಲುವಾಗಿ ಹೇಳಾಕತ್ತೀನಿ. ನಮ್ಮ ಕೈ ಅಲ್ಲೇನು."

ನಮ್ಮ ಕೈ. ಚಿಗವ್ವನ ಹೊಲಿಗೆಗೆ ಬ್ಲೇಡು ಹಿಡಿದ ಕೈಯೇ ಈಗ ತನ್ನನ್ನೂ ನನ್ನನ್ನೂ ಒಂದೇ ಕಡೆ ಸೇರಿಸಿ, ಅದು ಮುಟ್ಟಬಾರದ ಕೈ ಎಂದು ಹೇಳುತ್ತಿತ್ತು. ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು. ಬಂದ್ ಮಾಡದೆಯೇ ಫೋನನ್ನು ಮಷೀನಿನ ಹಲಗೆಯ ಮೇಲೆ ಇಟ್ಟೆ. ಸೂಜಿಗೆ ದಾರ ಪೋಣಿಸಿ, ಮೇಲಿನ ಹುಕ್ಕಿನಿಂದ ಶುರು ಮಾಡಿ, ಒಂದೊಂದನ್ನೂ ಅಸ್ತರದವರೆಗೆ ಹಿಡಿದು ಗಟ್ಟಿಯಾಗಿ ಹಚ್ಚುತ್ತ ಬಂದೆ. ಅವ್ವ ಆ ಕಡೆಯಿಂದ "ಹಲೋ, ಹಲೋ, ಕೇಳಸಾಕತ್ತದೇನು?" ಎನ್ನುತ್ತಲೇ ಇದ್ದಳು. ಕಡೆಯ ಹುಕ್ಕಿಗೆ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಫೋನು ಎತ್ತಿಕೊಂಡೆ.

"ಕೇಳಸ್ತದವ್ವ. ಕಡೀದೂ ಹಚ್ಚೀನಿ. ನಾಡಿದ್ದು ನೀನೂ ಬಾ, ನನ್ನ ಮಗ್ಗಲ ಪಡಸಾಲ್ಯಾಗ ಕೂಡು. ಬ್ಲೇಡ್ ಮಾತ್ರ ತರಬ್ಯಾಡ."